ದೇಶ ಬಿಟ್ಟರೂ ಕಟ್ಟುವುದು ಬಿಡಲಿಲ್ಲ

ಕೊಡಗಿನ ನಮ್ಮ ಮನೆಗೆ ಆರ್‌ಸಿಸಿ ತಾರಸಿ ಹಾಕಿಸಿದ್ದೆವು. ಮೊದಲ ಮಳೆಗಾಲಕ್ಕೇ ಸೋರಿತು. ಮೇಲೆ ಶೀಟು ಹೊದಿಸಬೇಕಾಯಿತು. ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಆಗ ನೆನಪಾದವರು ಒಟ್ಟೊ ಕೋನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಅವರು, ಯಹೂದಿ ಮೂಲದವರೆಂಬ ಕಾರಣಕ್ಕೆ ಹಿಟ್ಲರನ ಆಳ್ವಿಕೆಯಲ್ಲಿ ದೇಶ ಬಿಡಬೇಕಾಯಿತು. ಈಜಿಪ್ಟ್‌ನಲ್ಲಿ ಕೆಲಕಾಲ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡಗಳನ್ನು ಇಲ್ಲಿನ ಬಿಸಿಲು, ಗಾಳಿಗೆ ತಕ್ಕಂತೆ ವಿನ್ಯಾಸ ಮಾಡಿದರು. 1948ರಲ್ಲಿ ಭುವನೇಶ್ವರ ನಗರದ ನಕ್ಷೆ ರೂಪಿಸಿದರು. ದೆಹಲಿಯಲ್ಲಿ ಅವರ ಸಿದ್ಧಮನೆಗಳ ಯೋಜನೆ ವಿಫಲವಾಯಿತು. ಸೋತೆನೆಂದು ಕೂರದೆ 1951ರಲ್ಲಿ ಲಂಡನ್‌ಗೆ ಹೋಗಿ, ಮುಂದೆ ಉಷ್ಣವಲಯದ ವಾಸ್ತುಶಿಲ್ಪ ಕಲಿಸಿದರು. 1999ರಲ್ಲಿ ತೀರಿಕೊಂಡರು.

ಕೆಲಸಕ್ಕಾಗಿ ನಾಳೆ ನಾನೂ ಊರು ಬಿಡಬೇಕಾದೀತು. ಎಲ್ಲಿಗೆ ಹೋದರೂ ಮೊದಲು ಅಲ್ಲಿನ ಮಳೆ, ಬಿಸಿಲು ತಿಳಿಯಬೇಕು ಎಂಬುದು ಅವರ ಬದುಕಿನಿಂದ ನಾನು ಕಲಿತದ್ದು.