ದಿವಾನ್ ಪೂರ್ಣಯ್ಯ ಮತ್ತು ಕಂದಾಚಾರದವರ ಸಂಬಳ

ಬೇಲೂರು: ಹೈದರ್ ಅಲಿ, ಟಿಪ್ಪು ಇಬ್ಬರ ಆಡಳಿತದಲ್ಲೂ ಖಜಾನೆಯ ಲೆಕ್ಕ ನೋಡಿದ್ದ ಪೂರ್ಣಯ್ಯನವರು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಸಿಂಹಾಸನ ಒಡೆಯರದ್ದು, ಹಿಡಿತ ಕಂಪನಿಯದ್ದು. ವರ್ಷಕ್ಕೆ 7 ಲಕ್ಷ ವರಾಹ ಕಂಪನಿಗೆ ಸಂದಾಯವಾದ ಮೇಲೆ ಉಳಿದುದರಲ್ಲಿ ನಾಡನ್ನು ಕಾಯಬೇಕಿತ್ತು.

ಕಾಯುವುದು ಸುಲಭವಿರಲಿಲ್ಲ. ಟಿಪ್ಪುವಿನ ಸೇನೆ ಚದುರಿ ಸಾವಿರಾರು ಆಯುಧಪಾಣಿಗಳು ಅನ್ನವಿಲ್ಲದೆ ಅಲೆಯುತ್ತಿದ್ದರು. ಬೇಲೂರಿನ ಆಚೆಯ ಮಲೆನಾಡಿನಲ್ಲಿ ಬಲಂ ಪಾಳೆಯಗಾರ ಬಂಡೆದ್ದಿದ್ದ. ಆತನ ಅರೇಕೆರೆ ಕೋಟೆಯನ್ನು (ಇದು ನಮ್ಮ ಅರಸೀಕೆರೆಯಲ್ಲ) 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ವಶಪಡಿಸಿಕೊಂಡ. ಪಾಳೆಯಗಾರನನ್ನು ಗಲ್ಲಿಗೇರಿಸಲಾಯಿತು.

ಗಲ್ಲಿನಿಂದ ಒಬ್ಬನನ್ನು ಅಡಗಿಸಬಹುದು, ಹಸಿದ ಸಾವಿರಾರು ಮಂದಿಯನ್ನಲ್ಲ. ಇದನ್ನರಿತ ದಿವಾನರು ಹಳೆಯ ಕಂದಾಚಾರ ವ್ಯವಸ್ಥೆಗೆ ಮರುಜೀವ ನೀಡಿದರು. ಸುಮಾರು 20,000 ಮಂದಿ ಅದರಲ್ಲಿ ಸೇರಿದರು. ಸಂಬಳ ತಿಂಗಳಿಗೆ ಸುಮಾರು ಎರಡು ಮೂರು ರೂಪಾಯಿ, ಅದರಲ್ಲೂ ಒಂದು ಭಾಗ ನೆಲದ ರೂಪದಲ್ಲಿ. ಕಂಪನಿಯ ಸಿಪಾಯಿಗೆ ಏಳು ರೂಪಾಯಿ ದೊರೆಯುತ್ತಿದ್ದ ಕಾಲವದು. ಆದರೆ ಕಂದಾಚಾರದವನು ತನ್ನ ಊರಿನಲ್ಲೇ ಇದ್ದು ಹೊಲ ಉಳಬಹುದಿತ್ತು. ಕಳ್ಳಕಾಕರ ಮೇಲೆ ಕಣ್ಣಿಡುವುದು, ಅಮಲ್ದಾರರ ಆಜ್ಞೆ ಪಾಲಿಸುವುದು, ಕರೆ ಬಂದಾಗ ಕೋಟೆ ಕಾವಲಿಗೆ ಹೊರಡುವುದು ಅವನ ಕೆಲಸ. ತಳವಾರ, ತೋಟಿಗಳಿಗಂತೂ ಸಂಬಳವೇ ಇಲ್ಲ. ಇನಾಂ ಭೂಮಿ ಮತ್ತು ಕಣದಲ್ಲಿ ಸಿಗುವ ಧಾನ್ಯವೇ ಅವರ ಜೀವನಾಧಾರವಾಗಿತ್ತು.

ಪೂರ್ಣಯ್ಯನವರನ್ನು ಜಿಪುಣರೆಂದು ದೂರಿದವರುಂಟು. ಎರಡು ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಖಜಾನೆಯಲ್ಲಿ ಉಳಿಸಿದ ದಿವಾನರು ಕಾವಲಿನವನಿಗೆ ಇನ್ನೊಂದು ರೂಪಾಯಿ ಕೊಡಬಹುದಿತ್ತು ಎಂಬ ಮಾತನ್ನು ತಳ್ಳಿಹಾಕಲಾಗದು. ಅವರಿಗೇ 1807ರಲ್ಲಿ ಯಳಂದೂರು ಜಹಗೀರು ಲಭಿಸಿತು.

1811ರಲ್ಲಿ ಅಧಿಕಾರವನ್ನು ಮಹಾರಾಜರಿಗೆ ಒಪ್ಪಿಸಿದ ಪೂರ್ಣಯ್ಯನವರು ಮರುವರ್ಷ ಶ್ರೀರಂಗಪಟ್ಟಣದಲ್ಲಿ ನಿಧನರಾದರು. ಖಜಾನೆ ಕ್ರಮೇಣ ಬರಿದಾಯಿತು. ಸೈನಿಕರ, ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿ ಬಿದ್ದಿತು. ಕಂದಾಯದ ಹೊರೆಗೆ ಬೇಸತ್ತ ರೈತರು 1830ರಲ್ಲಿ ನಗರ ಸೀಮೆಯಲ್ಲಿ ದಂಗೆಯೆದ್ದಾಗ ಅದನ್ನು ಅಡಗಿಸಲು ಕಂಪನಿಯ ಸೇನೆಯೇ ಬರಬೇಕಾಯಿತು. 1831ರಲ್ಲಿ ಆಡಳಿತವೇ ಬ್ರಿಟಿಷರ ಕೈಸೇರಿತು. ಬಳಿಕ ಬಂದ ಕಮಿಷನರರೂ ಕಂದಾಚಾರದವರನ್ನೇ ನೆಚ್ಚಿಕೊಂಡರು. ಭಾರತದ ಪೊಲೀಸ್ ಕಾಯ್ದೆ ಜಾರಿಯಾದದ್ದು 1861ರಲ್ಲಿ.