ವಿಜ್ಞಾನೇಶ್ವರ

ವಿಜ್ಞಾನೇಶ್ವರನು ಕಲ್ಯಾಣಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದ ಧರ್ಮಶಾಸ್ತ್ರಜ್ಞ. ಯಾಜ್ಞವಲ್ಕ್ಯ ಸ್ಮೃತಿಗೆ ಇವನು ಸಂಸ್ಕೃತದಲ್ಲಿ ಬರೆದ ಮಿತಾಕ್ಷರಾ ವ್ಯಾಖ್ಯಾನವು ಬಂಗಾಳ, ಅಸ್ಸಾಂಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಉತ್ತರಾಧಿಕಾರಕ್ಕೆ ಆಧಾರಗ್ರಂಥವಾಯಿತು.

ಜೀವನ

ತಂದೆ ಭಾರದ್ವಾಜ ಗೋತ್ರದ ಪದ್ಮನಾಭಭಟ್ಟ, ಗುರು ಉತ್ತಮ. ಗ್ರಂಥದ ಸಮಾಪ್ತಿವಾಕ್ಯಗಳಲ್ಲಿ ಇವನನ್ನು ಪರಮಹಂಸ ಸಂನ್ಯಾಸಿಯೆಂದು ಕರೆಯಲಾಗಿದೆ. ಆಸ್ತಿ ಹಂಚಿಕೆಗೆ ಪ್ರಮಾಣವೆನಿಸಿದ ಕೃತಿ ಆಸ್ತಿಯನ್ನು ತೊರೆದವನದು ಎಂಬುದು ಗಮನಾರ್ಹ. ಕೊನೆಯಲ್ಲಿ ಇವನು ಕಲ್ಯಾಣ ನಗರವನ್ನೂ ವಿಕ್ರಮಾದಿತ್ಯನನ್ನೂ ಹೊಗಳಿ, ಅದೇ ಸಾಲಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ. ಶಹಾಬಾದ್ ಸಮೀಪದ ಮರತೂರು ಇವನ ಕರ್ಮಭೂಮಿಯೆಂದು ಪ್ರತೀತಿ. ಈ ಸೀಮೆಯ ವಿದ್ಯಾಪರಂಪರೆಗೆ ಚಿತ್ತಾಪುರ ಬಳಿಯ ನಾಗಾವಿ ಘಟಿಕಾಸ್ಥಾನ ಸಾಕ್ಷಿ. ಗ್ರಂಥಾಲಯವನ್ನು ನೋಡಿಕೊಳ್ಳಲು 6 ಮಂದಿ ಸರಸ್ವತೀ ಭಂಡಾರಿಗರು ಅಲ್ಲಿದ್ದರೆಂದು 1058ರ ಶಾಸನದಿಂದ ತಿಳಿಯುತ್ತದೆ.

ಆಕರಗಳ ಉಲ್ಲೇಖ

ಮಿತಾಕ್ಷರಾದ ವೈಶಿಷ್ಟ್ಯ ಅದರ ಉಲ್ಲೇಖಕ್ರಮ. ಮನು, ನಾರದ, ಬೃಹಸ್ಪತಿ, ಕಾತ್ಯಾಯನ, ಗೌತಮ ಮೊದಲಾದವರ ವಚನಗಳನ್ನು ವಾಕ್ಯದೊಳಗೇ ಅವರ ಹೆಸರು ಹೇಳಿ ಉದ್ಧರಿಸಲಾಗಿದೆ. ಕರ್ತೃವನ್ನು ಹೆಸರಿಸದ ಕಡೆ ‘ಸ್ಮೃತ್ಯಂತರ’ ಎಂಬ ಪದ ಬರುತ್ತದೆ. ಅಧ್ಯಾಯ, ಶ್ಲೋಕಗಳ ಸಂಖ್ಯೆಯನ್ನು ಆವರಣದಲ್ಲೋ ಅಡಿಟಿಪ್ಪಣಿಯಲ್ಲೋ ಸೇರಿಸಿದವರು ಮುಂದಿನ ಸಂಪಾದಕರು ಮತ್ತು ಅನುವಾದಕರು.

ತಾನು ಒಪ್ಪದವರನ್ನೂ ಇವನು ಹೆಸರಿಸುತ್ತಾನೆ. ಪುತ್ರಹೀನನ ವಿಧವೆಯ ಹಕ್ಕಿನ ಚರ್ಚೆ ಇದಕ್ಕೆ ಉತ್ತಮ ನಿದರ್ಶನ. ನಿಯೋಗಕ್ಕೆ ಸಿದ್ಧಳಾದವಳಿಗೆ ಮಾತ್ರ ಆಸ್ತಿ ಎಂಬುದು ಧಾರೇಶ್ವರನ ಮತ. ಆಸ್ತಿ ಅಲ್ಪವಿದ್ದರೆ ಮಾತ್ರ ಅವಳಿಗೆ ಎಂಬುದು ಶ್ರೀಕರನ ಮತ. ಎರಡನ್ನೂ ವಿವರಿಸಿ ನಿರಾಕರಿಸಿದ ವಿಜ್ಞಾನೇಶ್ವರನು, ವಿಧವೆಗೆ ಜೀವನಾಂಶವಷ್ಟೇ ಎನ್ನುವ ನಾರದನ ವಚನವು ಅವಿಭಕ್ತ ಅಥವಾ ಮರಳಿ ಒಂದಾದ ಕುಟುಂಬಕ್ಕೆ ಅನ್ವಯಿಸುತ್ತದೆಂದು ಬಗೆಹರಿಸುತ್ತಾನೆ. ಪಾಲಾಗಿ ಬೇರೆ ಬಾಳಿದವನ ಪತಿವ್ರತೆಯಾದ ಪತ್ನಿಗೆ ಸಮಸ್ತ ಆಸ್ತಿಯೂ ಸಲ್ಲುತ್ತದೆ ಎಂಬುದು ಅವನ ನಿರ್ಣಯ. ಶ್ರೀಕರನ ಗ್ರಂಥ ಇಂದು ಉಪಲಬ್ಧವಿಲ್ಲ. ಅವನ ಅಭಿಪ್ರಾಯಗಳು ಉಳಿದಿರುವುದು ಇಂತಹ ಉಲ್ಲೇಖಗಳಲ್ಲೇ.

ಪ್ರಭಾವ

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂಬುದು ಮಿತಾಕ್ಷರಾದ ಪ್ರಧಾನ ಸಿದ್ಧಾಂತ. ಬಂಗಾಳದಲ್ಲಿ ಮಾನ್ಯವಾದ ಜೀಮೂತವಾಹನನ ದಾಯಭಾಗವು ಇದನ್ನು ಒಪ್ಪುವುದಿಲ್ಲ. ಎರಡೂ ಗ್ರಂಥಗಳ ದಾಯವಿಭಾಗದ ಪ್ರಕರಣಗಳನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಬಳಿಕ ನ್ಯಾಯಾಲಯಗಳು ಅವನ್ನು ನೇರವಾಗಿ ಆಧರಿಸತೊಡಗಿದವು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೆಯ ಪ್ರಕರಣದಲ್ಲಿ ಮಿತಾಕ್ಷರಾದ ಹೆಸರೇ ಇದೆ. 2005ರ ತಿದ್ದುಪಡಿಯು ಆ ಜನ್ಮಸಿದ್ಧ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು.