ಕ್ಯಾಥರೀನ್ ಬ್ಲಾಡ್ಜೆಟ್: ಪದರ ಪದರವಾಗಿ ಕಟ್ಟಿದ ಸಾಧನೆ

ತಾವರೆಯ ಎಲೆ ನೀರಿನಲ್ಲಿಯೇ ಬೆಳೆದರೂ ನೀರನ್ನು ಅಂಟಿಸಿಕೊಳ್ಳುವುದಿಲ್ಲ. ನೀರನ್ನು ದೂರವಿಡುವ ಇಂಥ ಗುಣವನ್ನು ಒಂದು ಅಣುವಿನಷ್ಟೇ ದಪ್ಪದ ಲೇಪನವು ಗಾಜಿಗೂ ನೀಡಬಲ್ಲದು. ಅಂಥ ಲೇಪನಗಳನ್ನು ಒಂದರ ಮೇಲೊಂದು ಪೇರಿಸುವ ವಿಧಾನವನ್ನು ಜಗತ್ತಿಗಿತ್ತವರು ಅಮೆರಿಕದ ವಿಜ್ಞಾನಿ ಕ್ಯಾಥರೀನ್ ಬರ್ ಬ್ಲಾಡ್ಜೆಟ್.

ಈಕೆ 1898ರ ಜನವರಿ 10ರಂದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ನಗರದಲ್ಲಿ ಜನಿಸಿದರು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪೇಟೆಂಟ್ ವಕೀಲರಾಗಿದ್ದ ತಂದೆ, ಮಗಳು ಹುಟ್ಟುವ ಕೆಲವೇ ವಾರಗಳ ಮುನ್ನ ಮನೆಗೆ ನುಗ್ಗಿದ ಕಳ್ಳನ ಗುಂಡಿಗೆ ಬಲಿಯಾದರು. ತಂದೆಯ ಮುಖವನ್ನೇ ಕಾಣದ ಮಗುವಿಗೆ ತಾಯಿ ಉತ್ತಮ ವಿದ್ಯಾಭ್ಯಾಸವನ್ನು ಕೊಡಿಸಿದರು. ಕಾಲೇಜಿನಲ್ಲಿದ್ದಾಗ ತಂದೆ ದುಡಿದ ಸಂಸ್ಥೆಯ ಪ್ರಯೋಗಾಲಯವನ್ನು ನೋಡಲು ಹೋದ ಆಕೆಗೆ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇನ್ನೂ ಹೆಚ್ಚು ಓದುವಂತೆ ಸಲಹೆಯಿತ್ತರು. ಷಿಕಾಗೋದಲ್ಲಿ ಸ್ನಾತಕೋತ್ತರ ಪದವಿ ಗಳಿಸಿ, 1918ರಲ್ಲಿ ಆ ಪ್ರಯೋಗಾಲಯದ ಮೊದಲ ಮಹಿಳಾ ವಿಜ್ಞಾನಿಯಾಗಿ ಸೇರಿದರು. ಮುಂದೆ ರುದರ್‌ಫರ್ಡ್ ಅವರ ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಿ, 1926ರಲ್ಲಿ ಕೇಂಬ್ರಿಜ್‌ನಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯೆನಿಸಿದರು.

ಕೊಬ್ಬಿನಿಂದ ದೊರೆಯುವ ಸ್ಟಿಯರಿಕ್ ಆಮ್ಲದ ಅಣುವಿಗೆ ಎರಡು ತುದಿಗಳು. ಒಂದಕ್ಕೆ ನೀರಿನ ಒಲವು, ಇನ್ನೊಂದಕ್ಕೆ ನೀರು ಒಲ್ಲದು. ನೀರಿನ ಮೇಲೆ ಅದನ್ನು ಹರಡಿದಾಗ ಅಣುಗಳೆಲ್ಲ ಒಂದೇ ಸಾಲಿನಲ್ಲಿ ತಲೆಯನ್ನು ನೀರಿಗಿಟ್ಟು ನಿಲ್ಲುತ್ತವೆ. ಶುಭ್ರವಾದ ಗಾಜಿನ ಫಲಕವನ್ನು ಆ ನೀರಿನಿಂದ ಮೆಲ್ಲನೆ ಮೇಲೆತ್ತಿದರೆ ಅಣುಗಳ ತಲೆಗಳು ಗಾಜಿಗೆ ಅಂಟಿ, ನೀರನ್ನೊಲ್ಲದ ಬಾಲಗಳು ಹೊರಗೆ ಮುಖಮಾಡುತ್ತವೆ. ಫಲಕ ನೀರಿನಿಂದ ಬಂದರೂ ಒಣಗಿದಂತಿರುತ್ತದೆ. ಒಂದು ಪದರವನ್ನು ಹೀಗೆ ಗಾಜಿಗೇರಿಸಬಹುದೆಂದು ಲ್ಯಾಂಗ್‌ಮ್ಯೂರ್ ತೋರಿಸಿದ್ದರು. ಫಲಕವನ್ನು ಮತ್ತೆ ಮತ್ತೆ ಇಳಿಸಿ ಎತ್ತಿ ಪದರಗಳನ್ನು ಪೇರಿಸುವ ವಿಧಾನವನ್ನು ಬ್ಲಾಡ್ಜೆಟ್ ರೂಪಿಸಿ, 1935ರಲ್ಲಿ ಪ್ರಕಟಿಸಿದರು. ಒಂದೊಂದು ಪದರದ ದಪ್ಪ ಸುಮಾರು ಅಂಗುಲದ ಕೋಟಿಯಲ್ಲೊಂದು ಪಾಲು. ಪದರಗಳು ಹೆಚ್ಚಿದಂತೆ ಬದಲಾಗುವ ಬಣ್ಣವನ್ನು ನೋಡಿಯೇ ದಪ್ಪವನ್ನು ಅಳೆಯುವ ಮಾಪಕವನ್ನೂ ಆಕೆ ನಿರ್ಮಿಸಿದರು.

ಸಾದಾ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 8ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. 1938ರಲ್ಲಿ, ಸಾಬೂನಿನ ಜಾತಿಗೆ ಸೇರಿದ ಬೇರಿಯಂ ಸ್ಟಿಯರೇಟಿನ 44 ಪದರಗಳನ್ನು ಲೇಪಿಸಿ, ಬ್ಲಾಡ್ಜೆಟ್ ಪ್ರತಿಫಲನವಿಲ್ಲದ ಗಾಜನ್ನು ಜಗತ್ತಿಗೆ ತೋರಿಸಿದರು. ಆದರೆ ಆ ಲೇಪನ ಮೃದುವಾದುದು, ಒರೆಸಿದರೆ ಅಳಿಸಿಹೋಗುತ್ತಿತ್ತು. ಲವಣಗಳನ್ನು ನಿರ್ವಾತದಲ್ಲಿ ಆವಿಯಾಗಿಸಿ ಲೇಪಿಸುವ, ಇತರರು ಕಂಡುಹಿಡಿದ ಗಟ್ಟಿಯಾದ ಲೇಪನಗಳು ಮಾರುಕಟ್ಟೆಯಲ್ಲಿ ಅದರ ಸ್ಥಾನವನ್ನು ಪಡೆದವು. ಸರಕು ಹಿಂದೆ ಬಿದ್ದರೂ ವಿಧಾನ ಉಳಿಯಿತು. ಎರಡನೆಯ ಮಹಾಯುದ್ಧ ಕಾಲದಲ್ಲಿ ಆಕೆ ಸೈನಿಕರನ್ನು ಮರೆಮಾಡುವ ಹೊಗೆಪರದೆ, ವಿಮಾನದ ರೆಕ್ಕೆಗಳ ಮೇಲಿನ ಮಂಜುಗಡ್ಡೆಯ ನಿವಾರಣೆ ಮುಂತಾದ ಸಂಶೋಧನೆಗಳಲ್ಲಿ ತೊಡಗಿದರು.

1951ರಲ್ಲಿ ಆಕೆಗೆ ಗಾರ್ವನ್ ಪದಕ ದೊರೆಯಿತು. ಆ ವರ್ಷದ ಜೂನ್ 13ನ್ನು ಸ್ಕೆನೆಕ್ಟಡಿ ನಗರ ಬ್ಲಾಡ್ಜೆಟ್ ದಿನವಾಗಿ ಆಚರಿಸಿತು. 1963ರಲ್ಲಿ ನಿವೃತ್ತರಾದ ಆಕೆ 1979ರ ಅಕ್ಟೋಬರ್ 12ರಂದು ಹುಟ್ಟಿದೂರಿನಲ್ಲಿಯೇ ನಿಧನರಾದರು. ಇಂದು ಪಾಲಿಮರ್‌ಗಳನ್ನೂ ಪದರಗಳಾಗಿ ಲೇಪಿಸಲು ಬಳಕೆಯಾಗುವ ಆ ವಿಧಾನಕ್ಕೆ ಲ್ಯಾಂಗ್‌ಮ್ಯೂರ್-ಬ್ಲಾಡ್ಜೆಟ್ ಎಂದೇ ಹೆಸರು. 1932ರ ನೊಬೆಲ್ ಪಾರಿತೋಷಕ ಲ್ಯಾಂಗ್‌ಮ್ಯೂರ್ ಒಬ್ಬರಿಗೇ ಸಂದಿತ್ತು. ಪದರಗಳ ಈ ವಿಧಾನದಲ್ಲಿ ಮಾತ್ರ ಮಾರ್ಗದರ್ಶಕರ ಹೆಸರಿನ ಪಕ್ಕದಲ್ಲಿಯೇ, ಅವರ ಸಲಹೆಯನ್ನು ಶಿರಸಾವಹಿಸಿ ಓದಿ ಬಂದ ವಿದ್ಯಾರ್ಥಿನಿಯ ಹೆಸರೂ ನಿಂತಿದೆ.